ಉಬ್ಬುತಗ್ಗಿನ ಗೋಡೆಗೆ ಅಂಟಿಸಿದ ಚಿತ್ತಾರ

ಕಳೆದ ಆಷಾಢದ ಒಂದು ಸಂಜೆ ನಾವು ಮನೆಗೆ ಮರಳಿದಾಗ ಹಸೆ ಚಿತ್ತಾರದ ಕಟ್ಟು ಗೋಡೆಯ ಮೇಲಿರಲಿಲ್ಲ. ಸೋಫಾದ ಬೆನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಯಾರೋ ಜೋಪಾನವಾಗಿ ಇಳಿಸಿಟ್ಟಂತೆ, ಅದು ನೆಟ್ಟಗೆ ನಿಂತಿತ್ತು. ಗಾಜಿನ ಒಂದು ಮೂಲೆ ಸೀಳಿತ್ತು, ಚಿತ್ರಕ್ಕೆ ಏನೂ ಆಗಿರಲಿಲ್ಲ. ಆ ಸಮಾಧಾನದಲ್ಲಿ ಕಟ್ಟನ್ನು ಎತ್ತಿ ತಿರುಗಿಸಿದರೆ, ಹಿಂಬದಿಯಲ್ಲಿ ನಾಲ್ಕು ಟೇಪಿನ ತುಂಡುಗಳು ಇನ್ನೂ ಗಟ್ಟಿಯಾಗಿ ಕೂತಿದ್ದವು. ಮೇಲಿನ ಎರಡರ ಮೈಮೇಲೆ ಗೋಡೆಯ ಕೆನೆಬಣ್ಣ ಹಪ್ಪಳದಂತೆ ಎದ್ದು ಬಂದಿತ್ತು; ಬಣ್ಣದ ಬೆನ್ನಿಗೆ ಪ್ರೈಮರಿನ ತೆಳು ಬಿಳುಪು, ಅದರ ಬೆನ್ನಿಗೆ, ಗೋಡೆ ಸಮ ಮಾಡಲು ಬಳಿದಿದ್ದ, ಬೆರಳಿಗೆ ಹಿಟ್ಟಿನಂತೆ ಹತ್ತುವ ಪುಟ್ಟಿ. ಕೆಳಗಿನ ಎರಡು ಮಾತ್ರ ಬಹುತೇಕ ಬರಿಗೈಯಲ್ಲಿ ಬಂದಿದ್ದವು. ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಬಣ್ಣದ ಚುಕ್ಕೆಗಳು, ಉಳಿದಂತೆ ಹೊಳೆಯುವ ಅಂಟು.

ಒಂದೇ ಕಟ್ಟು, ಒಂದೇ ಪೊಟ್ಟಣದ ಟೇಪು, ಒಂದೇ ಗೋಡೆ. ಸೋಲು ಮಾತ್ರ ಎರಡು ಬಗೆಯದು. ಕೆಳಗೆ ಅಂಟು ಗೋಡೆಯನ್ನು ಹಿಡಿಯಲಾರದೆ ಸೋತಿತ್ತು. ಮೇಲೆ ಅಂಟು ಗೆದ್ದು ಗೋಡೆಯ ಬಣ್ಣ ಸೋತಿತ್ತು. ಈ ವ್ಯತ್ಯಾಸ ನನ್ನ ತಲೆಗೆ ಹೋಗಲು ವಾರಗಳೇ ಬೇಕಾದವು. ಅಲ್ಲಿಯವರೆಗೂ, ತಂದ ಟೇಪು ಸರಿಯಿಲ್ಲ, ಇನ್ನೂ ಗಟ್ಟಿಯಾದದ್ದನ್ನು ತರಬೇಕು ಎಂದೇ ನಾನು ಹುಡುಕುತ್ತಿದ್ದೆ.

ನಾವಿರುವುದು ಗಿರಿನಗರದ ಒಂದು ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಮಾಲೀಕರಿದ್ದಾರೆ. ನಿವೃತ್ತ ಪ್ರೌಢಶಾಲಾ ಶಿಕ್ಷಕರಾದ ಅವರನ್ನು ಬೀದಿಯವರೆಲ್ಲ ಮೇಷ್ಟ್ರು ಎಂದು ಕರೆಯುವುದರಿಂದ ನಾವೂ ಹಾಗೆಯೇ ಕರೆಯುತ್ತೇವೆ. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ "ಗೋಡೆಗಳಿಗೆ ಮೊಳೆ ಹೊಡೆಯತಕ್ಕದ್ದಲ್ಲ" ಎಂಬ ಸಾಲಿದೆ. ಬೀಗದ ಕೈ ಕೊಡುವ ದಿನ ಅದನ್ನೇ ಬಾಯಲ್ಲೂ ಹೇಳಿದ್ದರು: "ನೋಡಿ ಇವ್ರೇ, ಹಾಲ್‌ನಲ್ಲಿರೋ ಈ ಗೋಡೆಗೆ ಟೆಕ್ಸ್ಚರ್ ಮಾಡ್ಸಿದೀನಿ. ಬೇರೆ ಗೋಡೆಗಳಿಗೆ ಆದ ಖರ್ಚಿನ ಮೂರರಷ್ಟು ಇದೊಂದಕ್ಕೇ ಆಗಿದೆ. ದಯವಿಟ್ಟು ಮೊಳೆ ಗಿಳೆ ಬೇಡ." ನಾನು ತಲೆಯಾಡಿಸಿದ್ದೆ. ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರು ಇಂಥ ಮಾತಿಗೆ ಬೇರೇನೂ ಮಾಡುವಂತಿಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೊಡುವ ರೂಢಿ ಇಲ್ಲಿ ಬಹುಕಾಲದಿಂದ ಇದೆ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡ ಎನ್ನುತ್ತದಾದರೂ, ನಮ್ಮ ಬೀದಿಯಲ್ಲಿ ಅದರ ಸುದ್ದಿ ಎತ್ತಿದವರನ್ನು ನಾನು ಕಂಡಿಲ್ಲ. ಖಾಲಿ ಮಾಡುವಾಗ ಬಣ್ಣ ಹೊಡೆಸುವ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದೂ ರೂಢಿಯೇ. ಹೀಗಿರುವಾಗ ಗೋಡೆಯ ಪ್ರತಿಯೊಂದು ತೂತೂ ನಮ್ಮದೇ ಹಣದಲ್ಲಿ ಬಿದ್ದ ತೂತಿನಂತೆ ಕಾಣುತ್ತದೆ. ಮೊಳೆಯ ಬದಲು ಟೇಪು ಎಂಬ ಯೋಚನೆ ಹುಟ್ಟುವುದು ಇಲ್ಲಿಯೇ.

ಚಿತ್ತಾರವನ್ನು ನಾವು ಸಾಗರದ ಕಡೆಯಿಂದ ತಂದದ್ದು. ದಪ್ಪ ಕಾಗದದ ಮೇಲೆ ಬರೆದದ್ದನ್ನು ಇಲ್ಲಿ ಹದಿನೆಂಟು ಇಂಚು ಅಗಲ, ಇಪ್ಪತ್ತನಾಲ್ಕು ಇಂಚು ಎತ್ತರದ ಮರದ ಚೌಕಟ್ಟಿಗೆ ಗಾಜು ಹಾಕಿಸಿ ಕಟ್ಟು ಹಾಕಿಸಿದ್ದೆವು. ಮೂಲದಲ್ಲಿ ಹಸೆ ಚಿತ್ತಾರಕ್ಕೆ ಚೌಕಟ್ಟೂ ಇಲ್ಲ, ನೇತುಹಾಕುವ ಪ್ರಶ್ನೆಯೂ ಇಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಳಸಿ ಅದನ್ನು ಬರೆಯುತ್ತಾರೆ. ಮಣ್ಣಿನ ಗೋಡೆಗೂ ಉಬ್ಬುತಗ್ಗುಗಳಿರುತ್ತವೆ. ಆದರೆ ಅಕ್ಕಿಯ ನೀರು ಆ ತಗ್ಗುಗಳಿಗೆಲ್ಲ ಇಳಿದು ಒಣಗಿ ಅಲ್ಲಿಯೇ ನಿಲ್ಲುತ್ತದೆ. ಗೋಡೆಯಲ್ಲೇ ಹುಟ್ಟಬೇಕಾದ ಚಿತ್ರವನ್ನು ಕಾಗದಕ್ಕೆ ಇಳಿಸಿ, ಗಾಜಿನೊಳಗೆ ಕೂರಿಸಿ, ಮತ್ತೆ ಗೋಡೆಗೆ ಅಂಟಿಸಲು ಹೊರಟ ನಾವು ಒದ್ದಾಡಿದ್ದರಲ್ಲಿ ಆಶ್ಚರ್ಯವಿಲ್ಲ ಎಂದು ನನ್ನ ಅತ್ತೆ ನಕ್ಕಿದ್ದರು.

ದ್ರವವಾಗಿ ಹೋಗುವ ಅಂಟಿಗೂ ಟೇಪಿಗೂ ಇರುವ ಅಂತರ ಇದೇ. ಮೈದಾ ಕುದಿಸಿದ ಸರಿಯಿಂದ ಮೆತ್ತಿದ ಸಿನಿಮಾ ಪೋಸ್ಟರುಗಳು ಈ ಊರಿನ ಒರಟು ಕಾಂಪೌಂಡು ಗೋಡೆಗಳ ಮೇಲೆ ಬಿಸಿಲು ಮಳೆ ತಿಂದುಕೊಂಡು ವಾರಗಟ್ಟಲೆ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಸರಿ ನೀರಾಗಿ ಹೋಗಿ ಗುಂಡಿ ತುಂಬಿ, ಆಮೇಲೆ ಗಟ್ಟಿಯಾಗುತ್ತದೆ. ಟೇಪಿನ ಅಂಟು ಒಣಗುವುದೇ ಇಲ್ಲ. ಅದು ಅತಿ ಮಂದವಾದ ದ್ರವದಂತೆಯೂ ಮೆತ್ತನೆಯ ರಬ್ಬರಿನಂತೆಯೂ ಏಕಕಾಲಕ್ಕೆ ನಡೆದುಕೊಳ್ಳುವ ಪದಾರ್ಥ. ಹೆಬ್ಬೆರಳಿನಿಂದ ಒತ್ತಿದಾಗ ತುಸು ಹರಿದು ಮೇಲ್ಮೈಗೆ ಹೊಂದಿಕೊಳ್ಳಬೇಕು. ಭಾರ ಬಿದ್ದಾಗ ಹರಿಯದೆ ನಿಲ್ಲಬೇಕು. ಎರಡು ಮೇಲ್ಮೈಗಳ ಅಣುಗಳು ತೀರಾ ಹತ್ತಿರ ಬಂದಾಗ ಅವುಗಳ ನಡುವೆ ಹುಟ್ಟುವ ಸಣ್ಣ ಸೆಳೆತವೇ ಇಲ್ಲಿ ಮುಖ್ಯ ಬಂಡವಾಳ. ತೀರಾ ಹತ್ತಿರವೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಲೆಕ್ಕ. ನಮ್ಮ ಗೋಡೆಯ ಗುಂಡಿಗಳೋ ಒಂದೆರಡು ಮಿಲಿಮೀಟರ್ ಆಳದವು. ಟೇಪು ಗುಡ್ಡದಿಂದ ಗುಡ್ಡಕ್ಕೆ ಸೇತುವೆಯಂತೆ ಹಾಯ್ದು ಹೋಗುತ್ತದೆಯೇ ಹೊರತು ಕಣಿವೆಗೆ ಇಳಿಯುವುದಿಲ್ಲ.

ಇದನ್ನು ಕಣ್ಣಿನಿಂದಲೇ ನೋಡಬಹುದು. ಶಾಲೆಗೆ ಹೋಗುವ ನನ್ನ ಮಗಳೂ ನಾನೂ ಒಂದು ಭಾನುವಾರ ಸಾದಾ ಪಾರದರ್ಶಕ ಟೇಪಿನ ತುಂಡೊಂದನ್ನು ಕಿಟಕಿಯ ಗಾಜಿಗೆ, ಇನ್ನೊಂದನ್ನು ಬೀರುವಿನ ಲ್ಯಾಮಿನೇಟಿಗೆ, ಮತ್ತೊಂದನ್ನು ಆ ಗೋಡೆಗೆ ಅಂಟಿಸಿ ಉಗುರಿನಿಂದ ಚೆನ್ನಾಗಿ ತೀಡಿದೆವು. ಟೇಪು ನಿಜವಾಗಿ ತಾಗಿದ ಕಡೆ ಹಿಂದಿನ ಬಣ್ಣ ಕಡುವಾಗಿ ಕಾಣುತ್ತದೆ. ಗಾಳಿ ಸಿಕ್ಕಿಕೊಂಡ ಕಡೆ ಬೆಳ್ಳಗೆ ಮಂಕಾಗಿರುತ್ತದೆ. ಗಾಜಿನ ಮೇಲೆ ಟೇಪು ಇದೆಯೆಂಬುದೇ ತಿಳಿಯದಷ್ಟು ಒಂದಾಗಿತ್ತು. ಗೋಡೆಯ ಮೇಲಿನ ತುಂಡು ಪೂರ್ತಿ ಬೆಳ್ಳಗಿದ್ದು, ಅದರೊಳಗೆ ಅಲ್ಲೊಂದು ಇಲ್ಲೊಂದು ಕಡುಚುಕ್ಕೆಗಳಿದ್ದವು. ಆ ಚುಕ್ಕೆಗಳಷ್ಟೇ ಹಿಡಿತ. ಅಂಗೈ ಅಗಲದ ಟೇಪು ಹಚ್ಚಿದ್ದೇವೆಂದು ನಾವು ಅಂದುಕೊಂಡರೆ, ಗೋಡೆಯ ಲೆಕ್ಕದಲ್ಲಿ ಅದು ಒಂದೆರಡು ಬೆರಳತುದಿಯಷ್ಟು. ಯಾರಾದರೂ ಇಂಥ ಗೋಡೆಗೆ ಏನನ್ನಾದರೂ ಅಂಟಿಸುವ ಮುನ್ನ ಈ ಒಂದು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಐದು ನಿಮಿಷವೂ ಬೇಡ.

ಹೀಗೆ ನೋಡುತ್ತಿದ್ದಾಗಲೇ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿಯೊಂದು ಹೊರಬಂದು ಅದೇ ಗೋಡೆಯ ಮೇಲೆ ಸರಸರನೆ ಓಡಿತು. ಟೇಪು ನಿಲ್ಲದ ಗೋಡೆಯ ಮೇಲೆ ಇದು ಹೇಗೆ ನಿಲ್ಲುತ್ತದೆ ಎಂದು ಮಗಳು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು. 2000ದ ಇಸವಿಯಲ್ಲಿ ಕೆಲ್ಲರ್ ಆಟಮ್ ಮತ್ತು ಅವರ ಸಂಗಡಿಗರು ಹಲ್ಲಿಯ ಜಾತಿಗೆ ಸೇರಿದ ಗೆಕ್ಕೊದ ಪಾದದ ಒಂದೇ ಒಂದು ಕೂದಲಿನ ಹಿಡಿತವನ್ನು ಅಳೆದರು. ಅಂಟು ದ್ರವವೇನೂ ಇಲ್ಲದೆ, ಅದೇ ಅಣುಗಳ ಸೆಳೆತದಿಂದ ಆ ಪಾದ ನಿಲ್ಲುತ್ತದೆ ಎಂಬುದು ಆಮೇಲೆ ಖಚಿತವಾಯಿತು. ಆ ಗೆಕ್ಕೊದ ಒಂದೊಂದು ಪಾದದಲ್ಲಿ ಸುಮಾರು ಐದು ಲಕ್ಷ ಕೂದಲುಗಳು, ಪ್ರತಿ ಕೂದಲಿನ ತುದಿ ಮತ್ತೆ ನೂರಾರು ಎಳೆಗಳಾಗಿ ಒಡೆದಿರುತ್ತದೆ. ಗೋಡೆ ಎಷ್ಟೇ ಒರಟಾಗಿದ್ದರೂ ಒಂದೊಂದು ಎಳೆಯೂ ತನಗೆ ಸಿಕ್ಕ ಜಾಗವನ್ನು ಹಿಡಿಯುತ್ತದೆ. ಚಪ್ಪಟೆಯಾದ ಟೇಪಿಗೆ ಆ ಭಾಗ್ಯವಿಲ್ಲ.

ಹಾಗಾದರೆ ದಪ್ಪನೆಯ ಟೇಪು ತಂದರಾಯಿತಲ್ಲ ಎಂದು ತೋರುವುದು ಸಹಜ. ನಾನೂ ಅದನ್ನೇ ಮಾಡಿದೆ. ಎರಡೂ ಕಡೆ ಅಂಟಿರುವ, ಒಂದು ಮಿಲಿಮೀಟರ್ ದಪ್ಪದ ಫೋಮ್ ಟೇಪು ಸಣ್ಣ ತರಿಯ ಗೋಡೆಗೆ ನಿಜಕ್ಕೂ ಉಪಕಾರಿ; ಒತ್ತಿದಾಗ ಅದರ ಮೆತ್ತನೆಯ ಮೈ ಸಣ್ಣಪುಟ್ಟ ಗುಂಡಿಗಳಿಗೆ ಬಾಗುತ್ತದೆ. ಎರಡು ಮಿಲಿಮೀಟರ್ ಗುಂಡಿಗೆ ಅದು ಸಾಲದು. ಇನ್ನು ಈಚೆಗೆ ಎಲ್ಲೆಡೆ ಸಿಗುವ ಪಾರದರ್ಶಕ ಜೆಲ್ ಟೇಪು ಫೋಮಿಗಿಂತಲೂ ಮೃದು. ಚಿತ್ತಾರಕ್ಕೆ ನಾನು ಹಚ್ಚಿದ್ದು ಅದನ್ನೇ. ಪೊಟ್ಟಣದ ಮೇಲೆ ಏಳು ಕೆ.ಜಿ. ತಡೆಯುತ್ತದೆಂದು ದಪ್ಪಕ್ಷರದಲ್ಲಿ ಬರೆದಿತ್ತು. ನಯವಾದ ಮೇಲ್ಮೈಗೆ ಎಂಬ ಮಾತು ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವ ಅಕ್ಷರದಲ್ಲಿತ್ತು.

ಈಗ ಮೇಲಿನ ಎರಡು ತುಂಡುಗಳ ಮಾತು. ಅವು ಕೂತಿದ್ದ ಜಾಗದಲ್ಲಿ ಪೇಂಟರಿನ ಕರಣೆ ಅಡ್ಡಲಾಗಿ ಎಳೆದು ಹೋಗಿದ್ದರಿಂದ ಗೋಡೆ ಸಾಕಷ್ಟು ಸಮತಟ್ಟಾಗಿತ್ತು. ಹಿಡಿತ ಚೆನ್ನಾಗಿಯೇ ಇತ್ತು. ಬಿಟ್ಟುಕೊಟ್ಟದ್ದು ಅಂಟಲ್ಲ, ಅದರ ಹಿಂದಿನ ಪುಟ್ಟಿ. ಗೋಡೆಗೆ ಅಂಟಿಸಿದ್ದೇವೆ ಎಂದು ನಾವು ಹೇಳುತ್ತೇವೆ. ವಾಸ್ತವದಲ್ಲಿ ಟೇಪು ಹಿಡಿದಿರುವುದು ಬಣ್ಣವನ್ನು, ಬಣ್ಣ ಹಿಡಿದಿರುವುದು ಪ್ರೈಮರನ್ನು, ಪ್ರೈಮರು ಪುಟ್ಟಿಯನ್ನು, ಪುಟ್ಟಿ ಪ್ಲಾಸ್ಟರನ್ನು, ಪ್ಲಾಸ್ಟರು ಕಾಂಕ್ರೀಟ್ ಬ್ಲಾಕನ್ನು. ಒಬ್ಬರ ಕೈ ಒಬ್ಬರು ಹಿಡಿದು ನಿಂತ ಸಾಲಿನಲ್ಲಿ ಯಾರ ಹಿಡಿ ಸಡಿಲವೋ ಅಲ್ಲಿ ಸಾಲು ಕಳಚುತ್ತದೆ. ನನ್ನ ಹುಡುಕಾಟವೆಲ್ಲ ಸಾಲಿನ ಮೊದಲ ಕೈಯನ್ನು ಇನ್ನಷ್ಟು ಗಟ್ಟಿ ಮಾಡುವುದರಲ್ಲಿ ಕಳೆದಿತ್ತು. ಟೇಪು ಗಟ್ಟಿಯಾದಷ್ಟೂ ಕಳಚುವ ಜಾಗ ಗೋಡೆಯ ಒಳಗೆ ಒಳಗೆ ಸರಿಯುತ್ತದೆ, ಗಾಯ ದೊಡ್ಡದಾಗುತ್ತದೆ.

ಬಣ್ಣದ ಕಾರ್ಖಾನೆಗಳಿಗೆ ಇದು ಚೆನ್ನಾಗಿ ಗೊತ್ತು. ಬಣ್ಣ ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂದು ನೋಡಲು ಎ.ಎಸ್.ಟಿ.ಎಂ. ಡಿ 3359 ಎಂಬ ಪರೀಕ್ಷಾ ಕ್ರಮವೇ ಇದೆ: ಬಣ್ಣದ ಮೇಲೆ ಬ್ಲೇಡಿನಿಂದ ಚೌಕುಳಿ ಗೀರುಗಳನ್ನು ಎಳೆದು, ಟೇಪು ಅಂಟಿಸಿ, ಕಿತ್ತು, ಎಷ್ಟು ಬಣ್ಣ ಎದ್ದುಬಂತೆಂದು ದರ್ಜೆ ಕೊಡುತ್ತಾರೆ. ಟೇಪಿನ ಚರಿತ್ರೆ ಶುರುವಾದದ್ದೂ ಎದ್ದುಬಂದ ಬಣ್ಣದಿಂದಲೇ. ಅಮೆರಿಕದಲ್ಲಿ 1920ರ ದಶಕದಲ್ಲಿ ಎರಡು ಬಣ್ಣದ ಕಾರುಗಳು ಫ್ಯಾಷನ್ ಆಗಿದ್ದವು. ಒಂದು ಬಣ್ಣಕ್ಕೆ ಕಾಗದ ಮುಚ್ಚಿ ಇನ್ನೊಂದನ್ನು ಹೊಡೆದ ಮೇಲೆ, ಕಾಗದಕ್ಕೆ ಹಚ್ಚಿದ ಗಟ್ಟಿ ಟೇಪನ್ನು ಕಿತ್ತರೆ ಮೊದಲ ಬಣ್ಣವೂ ಜೊತೆಗೇ ಬರುತ್ತಿತ್ತು. ಆ ಪೇಂಟರುಗಳ ಬೈಗುಳ ಕೇಳಿಸಿಕೊಂಡ 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಮಾಸ್ಕಿಂಗ್ ಟೇಪನ್ನೂ 1930ರಲ್ಲಿ ಪಾರದರ್ಶಕ ಸೆಲ್ಲೋಫೇನ್ ಟೇಪನ್ನೂ ತಂದರು. ನೂರು ವರ್ಷಗಳ ಹಿಂದೆಯೇ ಬೇಕಾಗಿದ್ದದ್ದು ಗಟ್ಟಿ ಟೇಪಲ್ಲ, ಬಿಡಬೇಕಾದಾಗ ಬಿಡುವ ಟೇಪು. ಅದೇ ಕಂಪನಿ 1996ರಲ್ಲಿ ತಂದ ಕಮಾಂಡ್ ಪಟ್ಟಿಗಳು ಇದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದವು. ಹೊರಗೆ ಉಳಿಯುವ ಬಾಲದಂಥ ತುದಿಯನ್ನು ಗೋಡೆಗೆ ಸಮಾನಾಂತರವಾಗಿ ಕೆಳಕ್ಕೆ ಎಳೆದರೆ ಈ ಅಂಟುಪಟ್ಟಿ ರಬ್ಬರಿನಂತೆ ಉದ್ದವಾಗಿ ತೆಳ್ಳಗಾಗಿ ತಾನೇ ಬಿಟ್ಟುಕೊಳ್ಳುತ್ತದೆ. ಅದನ್ನು ಬಳಸುವ ಕ್ರಮವೂ ಕಟ್ಟುನಿಟ್ಟಿನದು: ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು, ಮೂವತ್ತು ಸೆಕೆಂಡು ಒತ್ತಬೇಕು, ಒಂದು ಗಂಟೆ ಕಾಯಬೇಕು, ಹೊಸ ಬಣ್ಣವಾದರೆ ಏಳು ದಿನ ಬಿಡಬೇಕು. ಒರಟು ಗೋಡೆಗೆ ಇದು ಹೊಂದುವುದಿಲ್ಲವೆಂದು ಅವರೇ ಹೇಳುತ್ತಾರೆ. ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತು ಎಣಿಸುವಷ್ಟು ಒತ್ತಿ, ಕೂಡಲೇ ಕಟ್ಟು ಏರಿಸಿದ್ದೆ.

ಭಾರದ ಲೆಕ್ಕವನ್ನೂ ಆಮೇಲೆಯೇ ಮಾಡಿದ್ದು. ಎರಡು ಮಿಲಿಮೀಟರ್ ಗಾಜು ಒಂದು ಚದರ ಮೀಟರಿಗೆ ಐದು ಕೆ.ಜಿ. ತೂಗುತ್ತದೆ. ನಮ್ಮ ಚೌಕಟ್ಟಿನಷ್ಟು ಗಾಜಿಗೆ ಸುಮಾರು 1.4 ಕೆ.ಜಿ. ಆಯಿತು, ಮರ, ಹಿಂಬದಿಯ ಹಲಗೆ ಸೇರಿ ರದ್ದಿ ಅಂಗಡಿಯ ತಕ್ಕಡಿಯಲ್ಲಿ 2.6 ಕೆ.ಜಿ. ಬಂತು. ಗಾಜಿನ ಬದಲು ಅಷ್ಟೇ ದಪ್ಪದ ಅಕ್ರಿಲಿಕ್ ಹಾಳೆ ಹಾಕಿಸಿದ್ದರೆ 650 ಗ್ರಾಂ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಭಾರಕ್ಕಿಂತಲೂ ಅದು ಎಳೆಯುವ ದಿಕ್ಕು ಮುಖ್ಯ. ಗೋಡೆಯುದ್ದಕ್ಕೂ ಕೆಳಮುಖವಾಗಿ ಜಾರಿಸುವ ಸೆಳೆತವನ್ನು ಟೇಪು ಚೆನ್ನಾಗಿ ತಾಳುತ್ತದೆ, ಏಕೆಂದರೆ ಅಂಟಿದ ಜಾಗವೆಲ್ಲ ಒಟ್ಟಾಗಿ ಆ ಭಾರ ಹೊರುತ್ತದೆ. ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಮೇಲಂಚಿನಿಂದ ಹೊರಕ್ಕೆಳೆಯುವ ಸೆಳೆತದ ಮುಂದೆ ಅದು ನಿಲ್ಲದು, ಏಕೆಂದರೆ ಅಲ್ಲಿ ಎಲ್ಲ ಭಾರವೂ ಒಂದು ಗೆರೆಯ ಮೇಲೆ ಬೀಳುತ್ತದೆ. ಚಪ್ಪಟೆ ಚೌಕಟ್ಟಿನಲ್ಲಿ ಈ ಎರಡನೆಯ ಸೆಳೆತ ತೂಕದ ಸಣ್ಣ ಪಾಲು ಮಾತ್ರ, ಆದರೆ ಹಗಲಿರುಳು ಬಿಡುವಿಲ್ಲದ್ದು. ಗೋಡೆಯಿಂದ ಮುಂದಕ್ಕೆ ಚಾಚುವ ಪುಟ್ಟ ಶೆಲ್ಫು, ಗಿಡದ ಕುಂಡ ಮುಂತಾದವುಗಳಲ್ಲಿ ಅದೇ ದೊಡ್ಡ ಪಾಲು. ಅಂಥವುಗಳನ್ನು ಒರಟು ಗೋಡೆಗೆ ಟೇಪಿನಲ್ಲಿ ನಿಲ್ಲಿಸುವ ಸಾಹಸವನ್ನು ಯಾರೂ ಮಾಡಬಾರದೆಂದೇ ನನ್ನ ಅಭಿಪ್ರಾಯ. ಜೊತೆಗೆ ನಮ್ಮ ಆ ಗೋಡೆ ಪಶ್ಚಿಮದ ಹೊರಗೋಡೆ. ಮುಂಗಾರಿನಲ್ಲಿ ಅಂಗೈಯಿಟ್ಟರೆ ತಂಪು ತಿಳಿಯುತ್ತದೆ. ಒಳಗಿನಿಂದ ಬರುವ ಪಸೆ ಪುಟ್ಟಿಯನ್ನು ಇನ್ನಷ್ಟು ಹಿಟ್ಟಾಗಿಸಿತ್ತು.

ಗೋಡೆಯ ಗಾಯ ನೋಡಲು ಬಂದ ಪೇಂಟರು ಏನನ್ನೂ ಅಳೆಯಲಿಲ್ಲ. ಅಂಗೈಯಿಂದ ಗೋಡೆಯನ್ನೊಮ್ಮೆ ಉಜ್ಜಿ, ಕೈಗೆ ಹತ್ತಿದ ಪುಡಿಯನ್ನು ನನಗೆ ತೋರಿಸಿದರು. "ಮೇಲ್ಗಡೆ ಎಮಲ್ಷನ್ ಚೆನ್ನಾಗೇ ಇದೆ ಸಾರ್. ಒಳಗೆ ಹಳೇ ಡಿಸ್ಟೆಂಪರ್ ಕೆರೀದೇನೇ ಪುಟ್ಟಿ ಎಳ್ದಿದಾರೆ. ಇದಕ್ಕೆ ನೀವು ಏನ್ ಅಂಟ್ಸಿದ್ರೂ ಹಿಂಗೇ ಕಿತ್ಕೊಂಡ್ ಬರತ್ತೆ." ಅವರು ಸೂಚಿಸಿದ ಉಪಾಯವೊಂದಿತ್ತು: ಚೌಕಟ್ಟಿನ ಮರೆಯಲ್ಲಿ ನಾಲ್ಕು ಕಡೆ ಅಂಗೈಯಗಲ ಟೆಕ್ಸ್ಚರನ್ನು ಪ್ಲಾಸ್ಟರಿನವರೆಗೂ ಕೆರೆದು, ಹೊಸ ಪುಟ್ಟಿ ಎಳೆದು, ಉಪ್ಪುಕಾಗದ ಹಾಕಿ, ಪ್ರೈಮರು ಮತ್ತು ಎಮಲ್ಷನ್ ಹೊಡೆದು ಒಣಗಿಸಿದರೆ ಟೇಪಿಗೆ ತಕ್ಕ ನಯವಾದ ಜಾಗ ಸಿಗುತ್ತದೆ. ನಾನು ಲೆಕ್ಕ ಹಾಕಿದೆ. ಎರಡು ದಿನದ ಕೂಲಿ, ಸಾಮಾನು, ಹತ್ತು ದಿನದ ಕಾಯುವಿಕೆ, ಎಲ್ಲವೂ ಒಂದು ಮೊಳೆಯನ್ನು ತಪ್ಪಿಸಲಿಕ್ಕಾಗಿ.

ಟೇಪಿನಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಹಿಂದೆ ಅದೇ ಗೋಡೆಯ ಮೇಲೆ ಮಗಳು ಕಾಗದದ ಹೂಗಳನ್ನೂ ಸಣ್ಣ ದೀಪದ ಸರವನ್ನೂ ಅಂಟಿಸಿದಳು. ಒಂದೊಂದು ಹೂವಿನ ತೂಕ ಕೆಲವೇ ಗ್ರಾಂ, ಇರಬೇಕಾದದ್ದು ಮೂರು ದಿನ. ಕಡುಚುಕ್ಕೆಗಳಷ್ಟೇ ಹಿಡಿತವಿದ್ದರೂ ಅಷ್ಟಕ್ಕೆ ಸಾಕಾಯಿತು. ಸರದ ತೂಕ ಹೆಚ್ಚೆನಿಸಿದ್ದರಿಂದ ಅದರ ಎರಡು ತುದಿಗಳನ್ನು ಪರದೆಯ ಸರಳಿಗೆ ಕಟ್ಟಿ, ನಡುವೆ ಮಾತ್ರ ಟೇಪು ಹಚ್ಚಿದ್ದಳು. ಅದು ಅವಳದೇ ಯೋಚನೆ. ತೆಗೆಯುವಾಗ ಹೇರ್ ಡ್ರೈಯರಿನಿಂದ ಒಂದಿಷ್ಟು ಬಿಸಿ ಮಾಡಿ, ಅಂಟು ಮೆತ್ತಗಾದ ಮೇಲೆ ಹೊಲಿಗೆಯ ದಾರವನ್ನು ಟೇಪಿನ ಹಿಂದೆ ಗರಗಸದಂತೆ ಆಡಿಸಿದೆವು. ಎರಡು ಕಡೆ ಮಾತ್ರ ಬಣ್ಣ ಚೂರು ಎದ್ದಿತು. ಅವಳ ಚಿತ್ರಗಳೂ ವೇಳಾಪಟ್ಟಿಯೂ ಈಗ ಬೀರುವಿನ ಬಾಗಿಲಿನ ಮೇಲೂ ಅಡುಗೆಮನೆಯ ಟೈಲ್ಸ್ ಮೇಲೂ ಇವೆ, ಅಲ್ಲಿ ಯಾವ ಟೇಪೂ ಈವರೆಗೆ ಬಿದ್ದಿಲ್ಲ.

ಹಬ್ಬದ ಅರಿಸಿನ ಕುಂಕುಮಕ್ಕೆ ಮೇಷ್ಟ್ರ ಮನೆಯವರು ಮೇಲೆ ಬಂದಿದ್ದಾಗ ಗೋಡೆಯ ಬಿಳಿ ಗಾಯವನ್ನು ನೋಡಿಬಿಟ್ಟರು. ಮರುದಿನ ಬೆಳಿಗ್ಗೆ ಮೇಷ್ಟ್ರೇ ಬಂದರು. ನಾನು ಕಟ್ಟನ್ನೂ ಟೇಪನ್ನೂ ಅದರ ಮೇಲಿನ ಪುಟ್ಟಿಯನ್ನೂ ತೋರಿಸಿ ಪೇಂಟರ ಉಪಾಯವನ್ನು ವಿವರಿಸತೊಡಗಿದೆ. ಅವರು ಅರ್ಧಕ್ಕೇ ತಡೆದು, "ಅಲ್ರೀ ಇವ್ರೇ, ಮೊಳೆ ಬೇಡ ಅಂದಿದ್ದು ಗೋಡೆ ಹಾಳಾಗ್ಬಾರ್ದು ಅಂತ. ನೀವು ಇಷ್ಟಗಲ ಕಿತ್ತಿದೀರಲ್ಲ!" ಎಂದರು. "ಮೇಷ್ಟ್ರೇ, ಕಿತ್ತಿದ್ದು ನಾನಲ್ಲ" ಎಂದೆ. ಅವರು ಗಾಯದ ಅಂಚನ್ನು ಉಗುರಿನಿಂದ ಕೆರೆದು, ಒಳಗಿನ ಹಳೆಯ ಡಿಸ್ಟೆಂಪರನ್ನು ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ ಕೆಳಗೆ ಹೋದರು. ಹತ್ತು ನಿಮಿಷಕ್ಕೆ ತಮ್ಮ ಡ್ರಿಲ್ ಮಷೀನು ಹಿಡಿದು ಬಂದರು.

ಆರು ಮಿಲಿಮೀಟರಿನ ಎರಡು ತೂತು, ಎರಡು ಪ್ಲಾಸ್ಟಿಕ್ ಪ್ಲಗ್ಗು, ಎರಡು ಸ್ಕ್ರೂ. ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು. ಸ್ಕ್ರೂ ಬಣ್ಣವನ್ನಾಗಲಿ ಪುಟ್ಟಿಯನ್ನಾಗಲಿ ನಂಬಿಕೊಂಡಿಲ್ಲ. ಅವೆಲ್ಲವನ್ನೂ ದಾಟಿ ಬ್ಲಾಕಿನೊಳಗೆ ಕೂತಿದೆ. ನಾಳೆ ಖಾಲಿ ಮಾಡುವಾಗ ಅದನ್ನು ಕಿತ್ತು ಚಿಟಿಕೆ ಪುಟ್ಟಿ ತುಂಬಿದರೆ, ಅಷ್ಟು ಉಬ್ಬುತಗ್ಗುಗಳ ನಡುವೆ ಆ ತೂತು ಎಲ್ಲಿತ್ತೆಂದು ಮೇಷ್ಟ್ರಿಗೂ ಗೊತ್ತಾಗಲಿಕ್ಕಿಲ್ಲ. ನಯವಾದ ಗೋಡೆಯಲ್ಲಾದರೆ ಅದು ಕಣ್ಣಿಗೆ ಹೊಡೆಯುತ್ತಿತ್ತು. ಟೇಪಿಗೆ ಒಗ್ಗದ ಗೋಡೆಯೇ ಮೊಳೆಯ ಗಾಯವನ್ನು ಎಲ್ಲಕ್ಕಿಂತ ಚೆನ್ನಾಗಿ ಮುಚ್ಚುತ್ತದೆ ಎಂಬುದನ್ನು ಕರಾರು ಪತ್ರ ಬರೆದವರು ಯೋಚಿಸಿರಲಾರರು.

ಟೇಪು ಕಿತ್ತ ಗಾಯ ಮಾತ್ರ ಹಾಗೆಯೇ ಇದೆ. ಅದಕ್ಕೆ ಟೆಕ್ಸ್ಚರ್ ಹೊಂದಿಸಿ ಬಣ್ಣ ಕೂಡಿಸುವುದು ಕಷ್ಟವೆಂದು ಪೇಂಟರು ಕೈಯಾಡಿಸಿಬಿಟ್ಟರು. ಆ ಗಾಯದ ಜಾಗವನ್ನು ಬಿಟ್ಟು ಮೇಷ್ಟ್ರು ತೂತುಗಳನ್ನು ಒಂದು ಗೇಣು ಕೆಳಗೆ ಕೊರೆದಿದ್ದಾರೆ. ಹಾಗಾಗಿ ನಮ್ಮ ಚಿತ್ತಾರ ಈಗ ನಿಂತವರ ಎದೆಯ ಮಟ್ಟಕ್ಕಿದೆ, ಸೋಫಾದಲ್ಲಿ ಕೂತು ಹಿಂದಕ್ಕೆ ಒರಗಿದರೆ ತಲೆಗೆ ತಾಗುತ್ತದೆ. ಬಂದ ನೆಂಟರೆಲ್ಲ ಇದನ್ಯಾಕೆ ಇಷ್ಟು ಕೆಳಗೆ ಹಾಕಿದ್ದೀರಿ ಎಂದು ಕೇಳುತ್ತಾರೆ.